ಕೈಗೆ ಮಲ್ಲಿಗೆ, ಕಿವಿಗೆ ಕಾರಂತರು

ಹ್ವಾಯ್, ಬೇಲಿ ಹತ್ರ ಬನ್ನಿ ಒಂಚೂರು. "ಓದುಕೆ ಪುರ್ಸೊತ್ತ್ ಎಲ್ಲಿತ್ತ್ ಮಾರಾಯ್ತಿ" ಅಂತ ನಿನ್ನೆ ಹೇಳಿದಿರಲ್ಲ, ಆ ಮಾತು ಮನಸ್ಸಿಂದ ಹೋಗ್ಲೇ ಇಲ್ಲ. ಹೈಸ್ಕೂಲಿನಲ್ಲಿ ಲೈಬ್ರರಿ ಬೀರು ಖಾಲಿ ಮಾಡಿದವರು ನೀವು. ಈಗ ಬೆಳಿಗ್ಗೆ ಹಾಲು ಕರೆಯುವುದು, ಮಕ್ಕಳ ಬುತ್ತಿ, ಮಲ್ಲಿಗೆ, ಮಧ್ಯಾಹ್ನದ ಅಡುಗೆ, ತೆಂಗಿನ ಬುಡಕ್ಕೆ ನೀರು. ಹೊತ್ತಿಲ್ಲ ಅನ್ನುವುದು ನಿಜವೇ. ಆದರೆ ಕೈಗೆ ಬಿಡುವಿಲ್ಲದ ಹೊತ್ತಿನಲ್ಲೂ ಕಿವಿ ಸುಮ್ಮನೆ ಕೂತಿರ್ತದಲ್ಲ?

ನಿಮ್ಮ ಮಲ್ಲಿಗೆಯನ್ನೇ ತಗೊಳ್ಳಿ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಗ್ಗು ಬಿರಿಯುವ ಮೊದಲು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ಬೆರಳಿಗೆ ಆ ಕೆಲಸ ಬಾಯಿಪಾಠ. ಅಷ್ಟು ಹೊತ್ತು ಪಕ್ಕದಲ್ಲಿ ಒಬ್ಬರು ಕೂತು ಓದಿದರೆ?

ಇದೇನು ಹೊಸ ಉಪಾಯ ಅಲ್ಲ. ನಮ್ಮ ಕಡೆ ಮಳೆಗಾಲದ ಸಂಜೆ ಒಬ್ಬರು ಚಿಮಣಿ ದೀಪದ ಎದುರು ಕುಮಾರವ್ಯಾಸನನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುವುದು, ಜಗಲಿಯಲ್ಲಿ ಉಳಿದವರು ಹಗ್ಗ ಹೊಸೆಯುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುವುದು ಇತ್ತಲ್ಲ. ಅಕ್ಷರ ಬಾರದ ಅಜ್ಜಿಯಂದಿರಿಗೆ ಕರ್ಣನ ಕತೆ ನಮಗಿಂತ ಚೆನ್ನಾಗಿ ಗೊತ್ತಿದ್ದದ್ದು ಹಾಗೆ. ಕೇರಳದ ಕಣ್ಣೂರಿನ ಕಡೆ ಬೀಡಿ ಕಟ್ಟುವವರು ಇದನ್ನು ಇನ್ನೂ ಅಚ್ಚುಕಟ್ಟು ಮಾಡಿದ್ದರು. ಒಬ್ಬ ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದಬೇಕು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ದೂರದ ಕ್ಯೂಬಾದಲ್ಲಿ, ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ, 1865ರಿಂದಲೇ ಓದಿ ಹೇಳುವುದಕ್ಕೆಂದು ಜನ ಇದ್ದರು. ಕೂಲಿಯವರೇ ಕೈಯಿಂದ ದುಡ್ಡು ಹಾಕಿ ಅವರಿಗೆ ಸಂಬಳ ಕೊಡ್ತಿದ್ದರಂತೆ. ನಮ್ಮ ಕುಂದಾಪುರ, ಬೈಂದೂರಿನ ಎಷ್ಟೋ ಮನೆಯ ಜಗಲಿಯಲ್ಲೂ ಬೀಡಿ ಸೂಪು ಇತ್ತಲ್ಲ, ಪಕ್ಕದಲ್ಲಿ ಪುಸ್ತಕವೂ ಇದ್ದಿದ್ದರೆ ಎಷ್ಟು ಚೆಂದ ಇತ್ತು ಅಂತ ನನಗೆ ಅನ್ನಿಸ್ತದೆ.

ಹಾಗಂತ ಎಲ್ಲ ಪುಸ್ತಕವೂ ಕಿವಿಗಲ್ಲ. ಮೊಗೇರಿಯ ಅಡಿಗರ ಕವಿತೆಗೆ ಕಣ್ಣೇ ಬೇಕು. ಒಂದು ಸಾಲು ಓದಿ, ನಿಲ್ಲಿಸಿ, ಮತ್ತೆ ಮೇಲೆ ಹೋಗಬೇಕು. ಅದಕ್ಕೆ ಮಕ್ಕಳು ಮಲಗಿದ ಮೇಲಿನ ಅರ್ಧ ಗಂಟೆ ಸಾಕು, ಒಂದು ರಾತ್ರಿಗೆ ಒಂದೇ ಕವಿತೆ. ಕಾರಂತರ 'ಮರಳಿ ಮಣ್ಣಿಗೆ' ಬೇರೆ ರೀತಿ. ಕೋಟದ ಆಸುಪಾಸಿನ ಕಡಲ ಕರೆಯಲ್ಲಿ ನಡೆಯುವ ಮೂರು ತಲೆಮಾರಿನ ಕತೆ. ಅದರ ಪಾರೋತಿ, ಸರಸೋತಿ ದಿನವಿಡೀ ದುಡಿಯುವ ಹೆಂಗಸರು. ದುಡಿಯುತ್ತಲೇ ಅವರ ಕತೆ ಕೇಳುವುದಕ್ಕೆ ನಿಮಗಿಂತ ಹಕ್ಕು ಯಾರಿಗಿದೆ? ವೈದೇಹಿಯವರ ಕತೆಗಳೂ ಅಷ್ಟೇ, ನಮ್ಮ ಕುಂದಾಪ್ರದ ಮಾತು ಗಟ್ಟಿಯಾಗಿ ಓದಿದರೆ ಇನ್ನೂ ರುಚಿ. ಮೀನು ಕೊಯ್ಯುವಾಗ ಮಾತ್ರ ಬೇಡ, ಆಗ ಕತ್ತಿಯ ಮೇಲೆಯೇ ಗಮನ ಇರ್ಲಿ.

ಯಕ್ಷಗಾನ ಆಟದ ಹುಚ್ಚು ಓದಿನ ಹೊತ್ತನ್ನು ತಿಂತದೆ ಅಂತ ನಿಮ್ಮ ಮನೆಯವರು ಹೇಳಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ದೀಪಾವಳಿ ಕಳೆದು ಮೇಳ ಹೊರಟರೆ ಮತ್ತೆ ಮಳೆ ಹಿಡಿಯುವವರೆಗೆ ಮಂದಾರ್ತಿಯದ್ದೋ ಮಾರಣಕಟ್ಟೆಯದ್ದೋ ಚೆಂಡೆ ಒಂದಲ್ಲ ಒಂದು ಬಯಲಲ್ಲಿ ಕೇಳ್ತದೆ. ಅಭಿಮನ್ಯು ಕಾಳಗ ನೋಡಿ ಬಂದವರು ಮರುದಿನ ಕುಮಾರವ್ಯಾಸನ ದ್ರೋಣಪರ್ವ ತೆಗೆದು ನೋಡ್ಲಿ. ರಾತ್ರಿ ಕಂಡ ವೇಷ, ಕೇಳಿದ ಅರ್ಥ ಕಿವಿಯಲ್ಲಿ ಇರುವಾಗ ಆ ನಡುಗನ್ನಡದ ಗಡಸು ಪದ್ಯವೂ ಬಿಚ್ಚಿಕೊಳ್ತದೆ. ನನ್ನ ಮಟ್ಟಿಗೆ ಆಟವೇ ಓದಿನ ದೊಡ್ಡ ಮೇಷ್ಟ್ರು.

ಪುಸ್ತಕಕ್ಕೆ ದುಡ್ಡು ಬೇಕು ಅಂತೀರಾ? ಪಂಚಾಯತಿನ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಬೋರ್ಡು ಬಿದ್ದಿದೆ. ರೇಶನಿಗೆ ಹೋದವರು ಅಲ್ಲೊಂದು ಹೊಕ್ಕು ಬನ್ನಿ, ಮಗಳನ್ನೂ ಕರ್ಕೊಂಡು ಹೋಗಿ. ಪುಸ್ತಕ ಅವಳೇ ಆರಿಸ್ಲಿ.

ಸದ್ಯಕ್ಕೆ 'ಮರಳಿ ಮಣ್ಣಿಗೆ' ನನ್ನ ಹತ್ರ ಇದೆ. ನಾಳೆ ಮಲ್ಲಿಗೆ ಕೊಯ್ದು ಆದ ಕೂಡಲೇ ಒಂದು ಕೂಗು ಹಾಕಿ, ಪುಸ್ತಕ ಹಿಡ್ಕೊಂಡು ಬರ್ತೇನೆ. ಕಣ್ಣೂರಿನ ಲೆಕ್ಕವೇ ಆಗ್ಲಿ: ಓದುವುದು ನಾನು, ನನ್ನ ಪಾಲಿನ ಹೂ ಕಟ್ಟುವುದು ನೀವು. ನಾಡಿದ್ದು ಮಗಳು ಓದ್ಲಿ, ಆಗ ನಾನೂ ಕಟ್ಟುವುದಕ್ಕೆ ಕೂರ್ತೇನೆ.