ಗೋಡೆ ಲಾಯರ್

ಶಾಲೆಯ ಹಿಂಬದಿ ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದರೆ ಕ್ರಿಕೆಟ್ ಶುರು. ವಿಕೆಟ್ ಕೀಪರ್ ಬೇಡ. ಗೋಡೆ ಬೈ ರನ್ ಬಿಡುವುದಿಲ್ಲ, ‘ನನಗೂ ಬ್ಯಾಟಿಂಗ್ ಕೊಡ್ರೋ’ ಎಂದು ಕಾಡುವುದೂ ಇಲ್ಲ. ಇಷ್ಟು ಸುಖವಿರುವ ಕಡೆ ಗೋಡೆ ಲಾಯರ್ ಒಬ್ಬ ಹುಟ್ಟಿಕೊಳ್ಳದೆ ಇರುತ್ತಾನೆಯೇ?

ಇವನು ಬ್ಯಾಟ್ ತರುವವನಲ್ಲ, ಬಾಲ್ ತರುವವನಲ್ಲ. ತರುವುದು ಇದ್ದಿಲಿನ ತುಂಡು ಮಾತ್ರ. ಅಸಲಿ ವಿಕೆಟ್ 28 ಇಂಚು ಎತ್ತರ, 9 ಇಂಚು ಅಗಲ. ಇವನು ಬೌಲಿಂಗ್ ಮಾಡುವಾಗ ಅದು ನಮ್ಮ ಎದೆಮಟ್ಟ ಬೆಳೆಯುತ್ತಿತ್ತು. ಬ್ಯಾಟಿಂಗ್ ಬಂದಾಗ ಅಂಗಿ ತೋಳಲ್ಲಿ ಒರೆಸಿ ಮೊಣಕಾಲಿಗೆ ಇಳಿಸುತ್ತಿದ್ದ. ‘ಒನ್ ಪಿಚ್ ಒನ್ ಹ್ಯಾಂಡ್’ ಕ್ಯಾಚು ನಮಗೆ ಔಟು. ಅವನಿಗಾದರೆ ಆ ರೂಲ್ಸು ಈಗಷ್ಟೇ ಕ್ಯಾನ್ಸಲ್. ಕಾಂಪೌಂಡ್ ಆಚೆ ಬಿದ್ದ ಬಾಲನ್ನು ಹುಡುಕಲು ಮಾತ್ರ ಎಂದೂ ಹೋದವನಲ್ಲ.

ಒಂದು ಸಂಜೆಯ ಕೇಸಂತೂ ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ. ನನ್ನ ಬೌಲಿಂಗಿನಲ್ಲಿ ಬಾಲು ಗೋಡೆಯವರೆಗೆ ಹೋಗುವುದೇ ಸುದ್ದಿ. ಅಂದು ಹೋಯಿತು. ಅವನ ಬ್ಯಾಟು ತಪ್ಪಿಸಿ ಮಿಡಲ್ ಸ್ಟಂಪಿಗೇ ಟಪ್ಪೆಂದಿತು. ಕುಣಿದಾಡಿದೆ. ಲಾಯರ್ ನಿಧಾನವಾಗಿ ಬಾಲ್ ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದ.

“ಮಸಿ ಇದೆ ಕಣೋ. ಆದರೆ ನಿನ್ನೇದು.”

“ಹೊಸ ಬಾಲೋ ಇದು! ಈಗ ತಾನೆ ತಂದಿದ್ದು!”

ಕೈ ಹಿಡಿದು ಗೋಡೆಯ ಹತ್ತಿರ ಎಳೆದೊಯ್ದೆ. ನಡುಗೆರೆ ಬಾಲಿನಷ್ಟಗಲ ಅಳಿಸಿಹೋಗಿತ್ತು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿದ.

“ಸರಿ, ತಾಗಿದೆ. ಬೇಲ್ಸ್ ಬಿತ್ತಾ?”

ಕ್ರಿಕೆಟ್ಟಿನ ಕಾನೂನೂ ಹಾಗೆಯೇ ಇದೆ: ಬೇಲ್ ಬೀಳಬೇಕು, ಇಲ್ಲವೇ ಸ್ಟಂಪ್ ಕಿತ್ತು ಬರಬೇಕು. ಇದ್ದಿಲಿನ ಬೇಲ್ಸು ಗೋಡೆಗೆ ಅಂಟಿಕೊಂಡು ನನ್ನನ್ನೇ ನೋಡುತ್ತಿದ್ದವು. ಕತ್ತಲಾಗುವವರೆಗೂ ಅವನೇ ಬ್ಯಾಟ್ ಮಾಡಿದ.

ಬೌರಲ್ ಊರಿನ ಬಾಲಕ ಬ್ರಾಡ್ಮನ್ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಪುಟಿದು ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದನಂತೆ, ಒಬ್ಬನೇ. ಅದಕ್ಕೇ ಟೆಸ್ಟಿನಲ್ಲಿ 99.94 ಸರಾಸರಿ. ಜೊತೆಗೆ ನಮ್ಮ ಲಾಯರ್ ಇದ್ದಿದ್ದರೆ ಬ್ಯಾಟಿಂಗ್ ಬಿಟ್ಟು ಬರೀ ವಾದ ಕಲಿಯುತ್ತಿದ್ದ. ನಮ್ಮ ರಾಹುಲ್ ದ್ರಾವಿಡ್ ‘ದಿ ವಾಲ್’ ಎನಿಸಿಕೊಂಡರೂ ಬೌಲ್ಡ್ ಆದಾಗ ಬಾಯಿ ಮುಚ್ಚಿಕೊಂಡು ಪೆವಿಲಿಯನ್‌ಗೆ ನಡೆದವರು. ಇವನೋ ಗೋಡೆಯಿಂದಲೇ ಸಾಕ್ಷಿ ಹೇಳಿಸಿ ಕ್ರೀಸಿನಲ್ಲಿ ಉಳಿದವನು.

ಒಮ್ಮೆ ಅವನಿಗೆ ಜ್ವರ ಬಂತು. ಪೀಡೆ ತೊಲಗಿತೆಂದು ನ್ಯಾಯವಾಗಿ ಆಡಿದೆವು. ತಾಗಿದರೆ ಔಟು, ಎತ್ತಿದ ಕೈಗೆ ಎದುರು ಮಾತಿಲ್ಲ. ಬಿಸಿಲು ಇಳಿಯುವ ಮೊದಲೇ ಎಲ್ಲರ ಬ್ಯಾಟಿಂಗೂ ಮುಗಿದು, ಮುಖ ಮುಖ ನೋಡಿಕೊಂಡು ನಿಂತೆವು. ಕೊನೆಗೆ ಯಾವುದೋ ಸವಕಲು ಎಲ್‌ಬಿಡಬ್ಲ್ಯೂ ನೆಪ ಮಾಡಿಕೊಂಡು ಅವನ ಮನೆ ಕಿಟಕಿಗೇ ಹೋದೆವು. ಕಂಬಳಿಯೊಳಗಿಂದಲೇ ತೀರ್ಪು ಬಂತು. ಅದರ ಮೇಲೆ ಜಗಳವಾಡುತ್ತ ಖುಷಿಯಾಗಿ ಮನೆ ಸೇರಿದೆವು. ಸುಮ್ಮನೆ ಒಪ್ಪಿಕೊಳ್ಳುವವರೇ ತುಂಬಿದರೆ ಆಟವೂ ಸಪ್ಪೆ, ಊರೂ ಸಪ್ಪೆ.

ಇದೇನು, ಉಪದೇಶಕ್ಕೆ ಇಳಿದುಬಿಟ್ಟೆ! ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ‘ಗೋಡೆಗೆ ಬಾಲ್ ಹೊಡೆಯಬಾರದು’ ಎಂಬ ಬೋರ್ಡ್ ಬಿತ್ತು. ಅದರ ಕೆಳಗೇ ಹುಡುಗಿಯೊಬ್ಬಳು ಸೆಕ್ರೆಟರಿಯವರನ್ನು ಅಡ್ಡಗಟ್ಟಿದ್ದಳು: “ಅಂಕಲ್, ನಾವು ಬಾಲ್ ಹೊಡೆಯೋದು ಬ್ಯಾಟಿಗೆ. ಗೋಡೆಗೆ ಅದೇ ಹೋಗುತ್ತೆ.” ಸೆಕ್ರೆಟರಿ ಬೋರ್ಡನ್ನು ಮತ್ತೊಮ್ಮೆ ಓದತೊಡಗಿದರು.