ಲಾವೋಸ್‌ನಲ್ಲಿ ತಮ್ಮ ಮಾಲು ಬಾಕಿ ಇದೆ

ಇವರಿಗೆ,
ಅಮೆರಿಕದ ರಕ್ಷಣಾ ಕಾರ್ಯದರ್ಶಿಗಳು,
ಪೆಂಟಗನ್.

ವಿಷಯ: 1964ರಿಂದ 1973ರವರೆಗೆ ಲಾವೋಸ್‌ಗೆ ರವಾನಿಸಿದ ಸರಕಿನ ಉಳಿಕೆಯನ್ನು ವಾಪಸು ಪಡೆಯುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಇಲಾಖೆಗೆ ಸೇರಿದ ಸುಮಾರು ಎಂಟು ಕೋಟಿ ಸಣ್ಣ ಬಾಂಬುಗಳು ಯುದ್ಧ ಮುಗಿದಾಗ ಲಾವೋಸ್ ದೇಶದ ಗದ್ದೆ, ಕಾಡು, ಹಿತ್ತಿಲುಗಳಲ್ಲಿ ಸಿಡಿಯದೆ ಉಳಿದವು. ಅವುಗಳಲ್ಲಿ ಬಹುಪಾಲು ಇನ್ನೂ ಅಲ್ಲೇ ಇವೆ. ಐವತ್ತು ವರ್ಷ ದಾಟಿದರೂ ವಾರಸುದಾರರು ಯಾರೂ ಬಂದು ವಾಪಸು ಒಯ್ದಿಲ್ಲ. ತಮ್ಮ ತೆರಿಗೆದಾರರ ದುಡ್ಡಿನಿಂದ ಮಾಡಿಸಿದ ಮಾಲು ಹೀಗೆ ಅನಾಥವಾಗಿ ಬಿದ್ದಿರುವುದು ಸರಿಯಲ್ಲವೆಂದು ಈ ಪತ್ರ.

ತಮಗೆ ಮರೆವು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಬರೆದಿಡುವುದರಲ್ಲಿ ತಮ್ಮ ವಾಯುಪಡೆಯನ್ನು ಮೀರಿಸುವವರು ಸಿಗಲಾರರು. ಯಾವ ದಿನ, ಯಾವ ವಿಮಾನ, ಯಾವ ಜಾಗ, ಯಾವ ನಮೂನೆಯ ಬಾಂಬು ಎಂಬುದೆಲ್ಲ ಕಡತದಲ್ಲಿದೆ. ಆ ಕಡತದ ಪ್ರಕಾರ ಒಂಬತ್ತು ವರ್ಷಗಳಲ್ಲಿ 5,80,000 ಹಾರಾಟ, 20 ಲಕ್ಷ ಟನ್ನಿಗೂ ಮೀರಿದ ಬಾಂಬು. ಸರಾಸರಿ ತೆಗೆದರೆ ಎಂಟು ನಿಮಿಷಕ್ಕೊಂದು ವಿಮಾನದ ಹೊರೆ, ಹಗಲೂ ರಾತ್ರಿ, ಹಬ್ಬ ಹರಿದಿನಕ್ಕೂ ಬಿಡುವಿಲ್ಲದೆ. ಆಗ ಲಾವೋಸ್‌ನ ಜನಸಂಖ್ಯೆ ಮೂವತ್ತು ಲಕ್ಷದ ಒಳಗೇ ಇತ್ತು. ತಲೆಗೆ ಹತ್ತಿರ ಹತ್ತಿರ ಒಂದು ಟನ್ ಬಂತು. ಇಷ್ಟು ಧಾರಾಳವಾಗಿ, ಇಷ್ಟು ಸಮನಾಗಿ ಜಗತ್ತಿನ ಯಾವ ಸರ್ಕಾರವೂ ಯಾವ ಪ್ರಜೆಗಳಿಗೂ ಏನನ್ನೂ ಹಂಚಿದ್ದಿಲ್ಲ.

ಮತ್ತೆ, ಆ ದೇಶದ ಮೇಲೆ ತಾವು ಯುದ್ಧ ಸಾರಿರಲೂ ಇಲ್ಲ. 1962ರಲ್ಲಿ ಜಿನೀವಾದಲ್ಲಿ ಕೂತು ಲಾವೋಸ್ ತಟಸ್ಥ ದೇಶ, ಅದರ ತಂಟೆಗೆ ಯಾರೂ ಹೋಗಬಾರದು ಎಂದು ಸಹಿ ಹಾಕಿದವರಲ್ಲಿ ತಾವೂ ಒಬ್ಬರು. ಉತ್ತರ ವಿಯೆಟ್ನಾಂ ಕೂಡ ಸಹಿ ಹಾಕಿ, ಆ ಶಾಯಿ ಆರುವ ಮೊದಲೇ ಲಾವೋಸ್‌ನ ಕಾಡಿನೊಳಗೆ ಸೈನ್ಯದ ದಾರಿ ಕಡಿಯುತ್ತಲೇ ಇತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಉತ್ತರ ಸಿಕ್ಕಿದ್ದು ಭತ್ತ ಬೆಳೆಯುವವರಿಗೆ. ಅಂದಹಾಗೆ, ಈ ತಟಸ್ಥತೆಯನ್ನು ಕಾಯಲೆಂದು ಕೂರಿಸಿದ್ದ ಅಂತರರಾಷ್ಟ್ರೀಯ ನಿಯಂತ್ರಣ ಆಯೋಗಕ್ಕೆ ಅಧ್ಯಕ್ಷ ಸ್ಥಾನ ನಮ್ಮ ಭಾರತದ್ದೇ ಆಗಿತ್ತು. ತಮಗೆ ಪತ್ರ ಬರೆಯಲು ಇವನಾರು ಎಂದು ಯಾರಾದರೂ ಕೇಳಿದರೆ ಅಷ್ಟು ಸಂಬಂಧ ಸಾಕು.

ಲಾವೋಸ್ ಮೇಲಿನ ಈ ಕಾರ್ಯಾಚರಣೆಯನ್ನು ತಮ್ಮಲ್ಲಿ 'ರಹಸ್ಯ ಯುದ್ಧ' ಎನ್ನುತ್ತಾರೆ. ಷಿಯೆಂಗ್‌ಖುವಾಂಗ್ ಪ್ರಾಂತ್ಯದಲ್ಲಿ, ಸಾವಿರಾರು ವರ್ಷ ಹಳೆಯ ಕಲ್ಲಿನ ಹಂಡೆಗಳು ಹರಡಿ ನಿಂತ ಆ ಬಯಲಿನಲ್ಲಿ, ಇದು ಯಾರಿಗೂ ರಹಸ್ಯವಾಗಿರಲಿಲ್ಲ. ಅಲ್ಲಿನ ಎಮ್ಮೆಗಳಿಗೂ ಗೊತ್ತಿತ್ತು. ಜನ ಹಗಲಿಡೀ ಗುಹೆಯೊಳಗೆ ಕೂತು, ಕತ್ತಲಾದ ಮೇಲೆ ಹೊರಬಂದು ಸಸಿ ನಾಟಿ ಮಾಡುತ್ತಿದ್ದರು. ಗೊತ್ತಿಲ್ಲದೆ ಉಳಿದಿದ್ದು ತಮ್ಮ ಕಾಂಗ್ರೆಸ್ಸಿನ ಬಹುತೇಕ ಸದಸ್ಯರಿಗೆ, ಬಿಲ್ಲು ಕಟ್ಟುತ್ತಿದ್ದ ಪ್ರಜೆಗಳಿಗೆ. ಬಾಂಬು ಬಿದ್ದವರಿಗೆ ಬಹಿರಂಗ, ದುಡ್ಡು ಕೊಟ್ಟವರಿಗೆ ರಹಸ್ಯ! ಈ ಏರ್ಪಾಟಿನ ಚಾತುರ್ಯಕ್ಕೆ ತಲೆದೂಗಲೇಬೇಕು.

ನನಗೆ ಬಹಳ ದಿನ ಅರ್ಥವಾಗದೆ ಉಳಿದದ್ದು 1968ರ ಲೆಕ್ಕ. ಆ ವರ್ಷ ನವೆಂಬರ್ 1ರಿಂದ ಉತ್ತರ ವಿಯೆಟ್ನಾಂ ಮೇಲಿನ ದಾಳಿಯನ್ನು ತಾವು ನಿಲ್ಲಿಸಿದಿರಿ. ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಆನಂತರವೇ ಲಾವೋಸ್ ಮೇಲೆ ಬಾಂಬಿನ ಮಳೆ ಹೆಚ್ಚಾಯಿತು. ಏಕೆಂದು ಮರುವರ್ಷ ತಮ್ಮ ಸೆನೆಟ್ ಸಮಿತಿ ಕೇಳಿದಾಗ, ಲಾವೋಸ್ ರಾಜಧಾನಿ ವಿಯೆಂಟಿಯಾನ್‌ನಲ್ಲಿದ್ದ ತಮ್ಮ ರಾಯಭಾರ ಕಚೇರಿಯ ಎರಡನೇ ಅಧಿಕಾರಿ ಮಾಂಟೀಗಲ್ ಸ್ಟರ್ನ್ಸ್ ಕೊಟ್ಟ ವಿವರಣೆ ನೇರವಾಗಿತ್ತು: ಅಷ್ಟೊಂದು ವಿಮಾನಗಳು ಸುಮ್ಮನೆ ನಿಂತಿದ್ದವು, ಕೆಲಸವಿಲ್ಲದೆ ಹಾಗೇ ಇಡಲಾಗುತ್ತಿರಲಿಲ್ಲ. ಸರ್ಕಾರಿ ಅಧಿಕಾರಿಯ ಬಾಯಲ್ಲಿ ಇಷ್ಟು ಪ್ರಾಮಾಣಿಕ ಮಾತು ಅಪರೂಪ. ನಿರುದ್ಯೋಗ ಎಂಥ ಕೆಟ್ಟದ್ದೆಂದು ನಮಗೂ ಗೊತ್ತು. ಆದರೆ ವಿಮಾನಗಳ ನಿರುದ್ಯೋಗ ನಿವಾರಣೆಗೆ ಒಂದು ದೇಶವನ್ನೇ ಒದಗಿಸಿಕೊಟ್ಟ ಸರ್ಕಾರ ತಮ್ಮದೊಂದೇ.

1968ರ ಅದೇ ನವೆಂಬರ್ 24ರಂದು ಥಾಮ್ ಪಿಯು ಎಂಬ ಗುಹೆಯ ಬಾಯೊಳಕ್ಕೆ ಒಂದು ರಾಕೆಟ್ ನುಗ್ಗಿತು. ಒಳಗೆ ಅಡಗಿದ್ದ 374 ಮಂದಿ ಸತ್ತರೆಂದು ಲಾವೋಸ್ ಸರ್ಕಾರದ ಲೆಕ್ಕ. ಇದರ ಬಗ್ಗೆ ವ್ಯಂಗ್ಯವಾಗಿ ಬರೆಯಲು ನನಗೆ ಬರುವುದಿಲ್ಲ.

ಇನ್ನು ಮಾಲಿನ ವಿವರ. ಒಂದು ದೊಡ್ಡ ಡಬ್ಬಿ ಆಕಾಶದಲ್ಲೇ ಬಾಯ್ಬಿಟ್ಟು ನೂರಾರು ಸಣ್ಣ ಬಾಂಬುಗಳನ್ನು ಎರಚುತ್ತದೆ. ಅದಕ್ಕೆ ಕ್ಲಸ್ಟರ್ ಬಾಂಬ್ ಎಂದು ಹೆಸರು. ಒಳಗಿನ ಮರಿಗಳನ್ನು ಲಾವೋಸ್‌ನವರು 'ಬಾಂಬಿ' ಎನ್ನುತ್ತಾರೆ. ಟೆನಿಸ್ ಚೆಂಡಿನಷ್ಟು ಗಾತ್ರ, ಮೈತುಂಬ ಉಕ್ಕಿನ ಗುಂಡು. 27 ಕೋಟಿ ಬಾಂಬಿಗಳು ಬಿದ್ದವು. ನೂರಕ್ಕೆ ಮೂವತ್ತು ಸಿಡಿಯಲೇ ಇಲ್ಲ. ನಮ್ಮ ಕಡೆ ಗುತ್ತಿಗೆದಾರ ಇಂಥ ಮಾಲು ಕೊಟ್ಟಿದ್ದರೆ ಕಪ್ಪುಪಟ್ಟಿಗೆ ಸೇರುತ್ತಿದ್ದ. ತಮ್ಮ ಮಾಲಿನ ವಿಶೇಷವೆಂದರೆ ಕೆಟ್ಟದ್ದೂ ಕೆಟ್ಟಿರುವುದಿಲ್ಲ, ತಡವಾಗಿರುತ್ತದೆ ಅಷ್ಟೇ. ಗುದ್ದಲಿ ತಗಲಿದಾಗ, ಕಳಲೆ ಅಗೆಯುವಾಗ, ಚಳಿಗೆ ನೆಲದ ಮೇಲೆ ಬೆಂಕಿ ಹಾಕಿಕೊಂಡು ಮನೆಮಂದಿ ಸುತ್ತ ಕೂತಾಗ ಕರ್ತವ್ಯ ನೆನಪಾಗುತ್ತದೆ. ಯುದ್ಧ ಮುಗಿದ ಮೇಲೆ ಹೀಗೆ ಸತ್ತವರು, ಗಾಯಗೊಂಡವರು 20,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಚೆಂಡಿನಂತೆ ಕಂಡರೆ ಮಗು ಎತ್ತಿಕೊಳ್ಳದೆ ಇನ್ನೇನು ಮಾಡೀತು? 2017ರಲ್ಲಿ ಷಿಯೆಂಗ್‌ಖುವಾಂಗ್‌ನ ಹತ್ತು ವರ್ಷದ ಹುಡುಗಿಯೊಬ್ಬಳು ದಾರಿಯಲ್ಲಿ ಸಿಕ್ಕಿದ್ದನ್ನು ಆಟದ ಸಾಮಾನೆಂದು ಮನೆಗೆ ತಂದಳು. ಆ ಯುದ್ಧ ಮುಗಿದಾಗ ಅವಳ ತಾಯಿಯೂ ಪ್ರಾಯಶಃ ಹುಟ್ಟಿರಲಿಲ್ಲ.

ಲಾವೋಸ್‌ನವರು ಕೃತಘ್ನರಲ್ಲ, ಸಿಕ್ಕಿದ್ದನ್ನೆಲ್ಲ ಬಳಸಿಕೊಂಡಿದ್ದಾರೆ. ಬಾಂಬಿನ ಕವಚ ಮನೆಯ ಕಂಬವಾಗಿದೆ, ವಿಮಾನದ ಇಂಧನ ಟ್ಯಾಂಕು ದೋಣಿಯಾಗಿದೆ. ಬಾನ್ ನಾಪಿಯಾ ಎಂಬ ಹಳ್ಳಿಯಲ್ಲಿ ಗುಜರಿ ಅಲ್ಯುಮಿನಿಯಂ ಅನ್ನು ಮಣ್ಣಿನ ಕುಲುಮೆಯಲ್ಲಿ ಕರಗಿಸಿ, ಮರ ಮತ್ತು ಬೂದಿಯ ಅಚ್ಚಿಗೆ ಹುಯ್ಯುತ್ತಾರೆ. ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಅಚ್ಚು ಬಿಚ್ಚಿದರೆ ಚಮಚ. ಸಂತೆಯಲ್ಲಿ ತಮ್ಮ ದೇಶದ ಪ್ರವಾಸಿಗಳೂ ಕೊಳ್ಳುತ್ತಾರಂತೆ. ಹಾಗೆ ನೋಡಿದರೆ ಒಂದಿಷ್ಟು ಮಾಲು ಆಗಲೇ ವಾಪಸು ಬಂದಿದೆ. ವಿಯೆಂಟಿಯಾನ್‌ನ 'ಕೋಪ್' ಕೇಂದ್ರದಲ್ಲಿ ಕೃತಕ ಕಾಲು ಮಾಡಿಕೊಡುತ್ತಾರೆ. ಹೊಸ ಕಾಲು ಸಿಕ್ಕವರು ಬಿಟ್ಟುಹೋದ ಹಳೆಯವನ್ನು ಅಲ್ಲೇ ಪ್ರದರ್ಶನಕ್ಕಿಟ್ಟಿದ್ದಾರೆ: ಮರದ ತುಂಡು, ಬಿದಿರು, ಗುಜರಿ ತಗಡು ಸೇರಿಸಿ ಅವರೇ ಮಾಡಿಕೊಂಡವು. ಕಾಲು ಕಿತ್ತ ಲೋಹದಿಂದಲೇ ಕಾಲು.

2016ರಲ್ಲಿ ತಮ್ಮ ಅಧ್ಯಕ್ಷ ಒಬಾಮ ಆ ಕೇಂದ್ರಕ್ಕೆ ಭೇಟಿ ಕೊಟ್ಟರು. ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಹೋದ ಮೊದಲ ಅಮೆರಿಕನ್ ಅಧ್ಯಕ್ಷರು ಅವರು. ನೈತಿಕ ಹೊಣೆಯ ಮಾತಾಡಿದರು, ಕ್ಷಮೆ ಕೇಳಲಿಲ್ಲ, ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ನೆರವು ಬಂತು, ಕೆಲಸವೂ ನಡೆಯಿತು, ಅದನ್ನು ಅಲ್ಲಗಳೆಯಬಾರದು. ಲೋಹಶೋಧಕ ಹಿಡಿದು ಗೇಣು ಗೇಣು ನೆಲ ತಡವುವ ತಂಡಗಳಲ್ಲಿ ಸ್ಥಳೀಯ ಹೆಣ್ಣುಮಕ್ಕಳೂ ಬಹಳ. ಎಸೆಯಲು ಒಂದು ಗಳಿಗೆ ಸಾಕಾದದ್ದನ್ನು ಹೆಕ್ಕಲು ತಿಂಗಳುಗಳು ಬೇಕು. 2025ರ ಜನವರಿಯಲ್ಲಿ ತಮ್ಮ ಸರ್ಕಾರ ವಿದೇಶಿ ನೆರವನ್ನೆಲ್ಲ ತಡೆಹಿಡಿದಾಗ ಈ ಕೆಲಸವೂ ನಿಂತಿತು. ಬಾಂಬಿಗಳಿಗೆ ಆ ಆದೇಶದ ಪ್ರತಿ ತಲುಪಿರಲಿಲ್ಲ.

ತಮ್ಮ ಪರವಾಗಿ ಹೋರಾಡಿದ ಲಾವೋಸ್‌ನ ಹ್ಮಾಂಗ್ ಜನರ ಬಗ್ಗೆಯೂ ಒಂದು ಮಾತು. ಸಿಐಎ ಕಟ್ಟಿದ ಆ ಪಡೆಯಲ್ಲಿ ಮೀಸೆ ಮೂಡದ ಹುಡುಗರೂ ಬಂದೂಕು ಹಿಡಿದಿದ್ದರು. 1975ರ ಮೇ ತಿಂಗಳಲ್ಲಿ ಲಾಂಗ್ ಚೆಂಗ್ ನೆಲೆಯಿಂದ ಕೆಲವು ಸಾವಿರ ಮಂದಿಯನ್ನು ಮಾತ್ರ ವಿಮಾನ ಹತ್ತಿಸಿ, ಉಳಿದವರನ್ನು ಮೆಕಾಂಗ್ ನದಿಗೆ ಬಿಟ್ಟಿರಿ. ಹೇಗೋ ದಾಟಿ ಅಮೆರಿಕ ಸೇರಿದವರ ಮನೆಗಳಿಂದಲೇ 2025ರಲ್ಲಿ ಕೆಲವರನ್ನು ಲಾವೋಸ್‌ಗೆ ಗಡೀಪಾರು ಮಾಡಿದಿರಿ. ಕೆಲವರು ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು, ಲಾವೋಸ್ ಕಂಡವರೇ ಅಲ್ಲ. ವಾಪಸು ಕಳಿಸುವ ಪದ್ಧತಿ ತಮ್ಮಲ್ಲಿ ಇದೆ ಎಂದು ಇದರಿಂದ ಖಾತರಿಯಾಯಿತು. ವಾಪಸು ತರಿಸಿಕೊಳ್ಳುವುದನ್ನಷ್ಟೇ ರೂಢಿ ಮಾಡಿಕೊಳ್ಳಬೇಕಾಗಿದೆ.

ಆದ್ದರಿಂದ ಕೋರಿಕೆ ಇಷ್ಟೇ. ಎಂಟು ಕೋಟಿಯನ್ನೂ ಹಡಗಿಗೆ ತುಂಬಿಕೊಂಡು ಹೋಗಿ ಎನ್ನುವುದಿಲ್ಲ. ಶೋಧ ತಂಡಗಳ ಸಂಬಳವನ್ನು ಚುನಾವಣೆಗೊಮ್ಮೆ ನಿಲ್ಲಿಸಬೇಡಿ. ಈ ಕ್ಲಸ್ಟರ್ ಬಾಂಬನ್ನು ನಿಷೇಧಿಸುವ 2008ರ ಒಪ್ಪಂದಕ್ಕೆ ನೂರಕ್ಕೂ ಹೆಚ್ಚು ದೇಶಗಳು ಸೇರಿವೆ, ತಾವು ಸೇರಿಲ್ಲ. 2023ರಲ್ಲಿ ಉಕ್ರೇನ್‌ಗೂ ಇದನ್ನೇ ಕಳಿಸಿದಿರಿ. ದಯವಿಟ್ಟು ಸಹಿ ಹಾಕಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡಿಗ

ಪ್ರತಿ: ವಿದೇಶಾಂಗ ಸಚಿವಾಲಯ, ನವದೆಹಲಿ. ಇದೇ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿಲ್ಲ.