ಊಟದ ಪಂಕ್ತಿಯ ಸ್ತ್ರೀರೋಗ ತಜ್ಞರು

ಮೆಡಿಕಲ್ ಶಾಪಿನಲ್ಲಿ ಪ್ಯಾಡ್ ಕೇಳಿದರೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕಳ್ಳಮಾಲಿನಂತೆ ಕೈಗಿಡುವ ಊರು ನಮ್ಮದು. ಮುಟ್ಟಿನ ಮಾತು ಗಂಡಸರ ಕಿವಿಗೆ ಬೀಳಬಾರದು. ಮದುವೆಯಾಗಿ ಒಂದು ವರ್ಷ ಕಳೆಯಲಿ. ಅದೇ ಊರು ಗೃಹಪ್ರವೇಶದ ಊಟಕ್ಕೆ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇಡೀ ಪಂಕ್ತಿಗೆ ಕೇಳುವಂತೆ ವಿಚಾರಿಸುತ್ತದೆ: "ಏನಮ್ಮಾ, ಏನಾದ್ರೂ ವಿಶೇಷ?"

ವಿಶೇಷ ಇಲ್ಲ. ಪಿಸಿಓಡಿ ಇದೆ.

ಇಷ್ಟು ಬಾಯಿಬಿಟ್ಟರೆ ಸಾಕು, ಎಲೆ ಮುಂದೆ ಕೂತವರೆಲ್ಲ ಸ್ತ್ರೀರೋಗ ತಜ್ಞರು. ದೊಡ್ಡಮ್ಮ ಮೆಂತ್ಯ ನೆನೆಸಿದ ನೀರು ಹೇಳುತ್ತಾರೆ. ಅತ್ತೆಗೆ ಕಂಪ್ಯೂಟರ್ ಕೆಲಸದ ಮೇಲೆ ಗುಮಾನಿ. ಮಾವನವರಿಗೆ ಗೋಬಿ ಮಂಚೂರಿಯ ಮೇಲೆ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ."

ಇತ್ತು. ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರಲ್ಲಿ ಇದನ್ನು ಕಂಡು ಬರೆದದ್ದು 1935ರಲ್ಲಿ. ಗೋಬಿ ಮಂಚೂರಿ ಆಗಿನ್ನೂ ಹುಟ್ಟಿರಲಿಲ್ಲ. ನಿಮ್ಮ ಕಾಲದಲ್ಲಿ ಇಂಥವಳನ್ನು ಬಂಜೆ ಅನ್ನುತ್ತಿದ್ದಿರಿ. ಮಗನಿಗೆ ಇನ್ನೊಂದು ಮದುವೆ ಮಾಡಿ ಚಿಕಿತ್ಸೆ ಮುಗಿಸುತ್ತಿದ್ದಿರಿ.

ಸ್ಕ್ಯಾನಿಂಗಿನಲ್ಲಿ ಕಾಣುವ "ನೀರುಗುಳ್ಳೆ" ಅರ್ಧ ಬೆಳೆದು ನಿಂತುಹೋದ ಅಂಡಾಣುವಿನ ಚೀಲ, ಅಷ್ಟೇ. ಹಾರ್ಮೋನು ಹದ ತಪ್ಪಿದೆ. ಅಂಡಾಣು ತಿಂಗಳು ತಿಂಗಳು ಹೊರಬರುತ್ತಿಲ್ಲ. ಬಸಿರು ತಡವಾಗಬಹುದು. ಆಗುವುದೇ ಇಲ್ಲ ಎಂದು ಯಾವ ಪುಸ್ತಕದಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಈ ತೊಂದರೆಯಿದೆ. ಅವರಲ್ಲಿ ಬಹುಪಾಲು ಮಂದಿಗೆ ಅದು ಗೊತ್ತೇ ಇಲ್ಲ.

ಗೊತ್ತಾಗುವುದಾದರೂ ಹೇಗೆ? ಹದಿನಾರರಲ್ಲಿ ಮೂರು ತಿಂಗಳಿಗೊಮ್ಮೆ ಮುಟ್ಟು ಬಂತು, ಗದ್ದದ ಮೇಲೆ ಕೂದಲು ಬಂತು. ಅಮ್ಮ ಹೇಳಿದರು: "ಮದುವೆಯಾದರೆ ಸರಿಹೋಗುತ್ತೆ." ಗಂಡಿನ ಕಡೆಯವರ ಹತ್ತಿರ ಮಾತ್ರ ಉಸಿರೆತ್ತಬೇಡ ಎಂದೂ ಹೇಳಿ, ಗದ್ದಕ್ಕೆ ಥ್ರೆಡಿಂಗ್ ಮಾಡಿಸಿದರು. ಮದುವೆಯಾಯಿತು. ಈಗ ಅತ್ತೆ ಹೇಳುತ್ತಾರೆ: "ಮಗು ಆದರೆ ಸರಿಹೋಗುತ್ತೆ." ಮಗು ಆಗದಿರುವುದೇ ಇದರಿಂದ ಕಣಮ್ಮಾ ಎಂದು ಯಾರು ಹೇಳಬೇಕು?

ಮನೆಯವರ ಬುದ್ಧಿ ಇಷ್ಟು. ಸರ್ಕಾರದ್ದು ಕೇಳಿ. ಅಂಡಾಣು ಹೊರಬರಲು ಲೆಟ್ರೊಝೋಲ್ ಎಂಬ ಅಗ್ಗದ ಮಾತ್ರೆಯಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಮಕ್ಕಳಾಗದವರಿಗೆ ಇದನ್ನು ಕೊಡಕೂಡದೆಂದು ನಿಷೇಧಿಸಿತು. ಅಮೆರಿಕದಲ್ಲಿ ಈ ತೊಂದರೆ ಇದ್ದ 750 ಹೆಂಗಸರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹಳೆಯ ಕ್ಲೋಮಿಫೀನ್ ನುಂಗಿದವರಲ್ಲಿ ನೂರಕ್ಕೆ 19 ಮಂದಿ ಹೆತ್ತರು. ಲೆಟ್ರೊಝೋಲ್ ನುಂಗಿದವರಲ್ಲಿ 27ಕ್ಕೂ ಹೆಚ್ಚು. ನಮ್ಮ ನಿಷೇಧ ತೆರವಾದದ್ದು 2017ರಲ್ಲಿ. ಆ ಅಷ್ಟೂ ವರ್ಷ ಲಕ್ಷಗಟ್ಟಲೆ ಬಾಳುವ ಐವಿಎಫ್‌ಗೆ ಯಾವ ಅಡ್ಡಿಯೂ ಇರಲಿಲ್ಲ. ಅಪಾಯವೆಲ್ಲ ಅಗ್ಗದ ಮಾತ್ರೆಯಲ್ಲೇ ಕಂಡಿತು.

ಈಗ ವೈದ್ಯಲೋಕದ ಒಪ್ಪಿತ ಕ್ರಮ ಹೀಗಿದೆ: ಮೊದಲು ಮಾತ್ರೆ, ಆಮೇಲೆ ಇಂಜೆಕ್ಷನ್, ಅದೂ ಆಗದಿದ್ದರೆ ಐವಿಎಫ್. ಬೆಂಗಳೂರಿನ ಐವಿಎಫ್ ಆಸ್ಪತ್ರೆಗಳ ಬೋರ್ಡುಗಳು ಈ ಕ್ರಮವನ್ನು ಕೆಳಗಿನಿಂದ ಓದುತ್ತವೆ. ಒಂದು ಕೆಂಪು ಕೆನ್ನೆಯ ಮಗು, ಪಕ್ಕದಲ್ಲಿ ಇಎಂಐ. ಅಗ್ಗದ ಮಾತ್ರೆಗೆ ಬೋರ್ಡು ಹಾಕಿಸುವವರು ಯಾರು, ಹಾಕಿಸಿ ಗಿಟ್ಟುವುದೇನು?

ವಿಮೆ ಇದೆಯಲ್ಲ ಎನ್ನುತ್ತೀರಾ? ಪಾಲಿಸಿಯಲ್ಲಿ ನಾವು ಕೊಡುವುದಿಲ್ಲ ಎಂಬ ಪಟ್ಟಿಯಿರುತ್ತದೆ. ಅದರ 17ನೇ ಕೋಡ್ ನೋಡಿ, ಬಂಜೆತನ. ಮಕ್ಕಳು ಸಾಕು ಅಂದವರಿಗೆ ಸರ್ಕಾರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಬಿಟ್ಟಿ ಮಾಡಿ, ಮೇಲೆ ದುಡ್ಡೂ ಕೊಡುತ್ತದೆ. ಒಂದು ಬೇಕು ಅಂದವರು ಒಡವೆ ಅಡ ಇಡಬೇಕು.

ಒಡವೆಗೆ ಮುಂಚೆ ದೇವರು. ಘಾಟಿಯಲ್ಲಿ ನಾಗರಕಲ್ಲು ಪ್ರತಿಷ್ಠೆ, ಕುಕ್ಕೆಯಲ್ಲಿ ಸರ್ಪಸಂಸ್ಕಾರ, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು. ದೇವರ ಮೇಲೆ ನನ್ನ ತಕರಾರಿಲ್ಲ, ಆತ ಯಾರನ್ನೂ ಹೀಯಾಳಿಸುವುದಿಲ್ಲ. ಗಂಡ ಮೂರೂ ಕಡೆ ಮಡಿಯುಟ್ಟು ನಿಲ್ಲುತ್ತಾನೆ. ಲ್ಯಾಬಿನ ಬಾಗಿಲು ಮಾತ್ರ ಅವನಿಗೆ ಮೈಲಿಗೆ.

ಅವಳ ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್, ಸಕ್ಕರೆ ಆಯಿತು. ಸ್ಕ್ಯಾನಿಂಗ್ ಆಯಿತು. ಗರ್ಭನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದದ್ದೂ ಆಯಿತು. ನೋವಿಗೆ ಅವಳು ಟೇಬಲ್ಲಿನ ಅಂಚು ಹಿಡಿದಿದ್ದಳು. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಮೊದಲು ಆಗಬೇಕಾದವುಗಳಲ್ಲಿ ಅದೂ ಒಂದು. ಆದರೆ "ನಮ್ಮ ವಂಶದಲ್ಲಿ ಅಂಥದ್ದೇನಿಲ್ಲ." ನಾಗದೋಷ ಇರಬಹುದು, ಪಿತೃದೋಷ ಇರಬಹುದು. ಗಂಡನ ದೋಷ ಇರಲು ಸಾಧ್ಯವೇ ಇಲ್ಲ.

ಅವಳ ಫೈಲು ಎರಡು ಇಂಚು ದಪ್ಪವಾಗಿದೆ. ಡಾಕ್ಟರು ಕೊನೆಗೂ ಅವನತ್ತ ತಿರುಗಿ ಸ್ಯಾಂಪಲ್ ಡಬ್ಬಿ ಮುಂದಿಡುತ್ತಾರೆ. ಅವನು ಮೊಬೈಲಿನಿಂದ ತಲೆಯೆತ್ತುತ್ತಾನೆ.

"ಮುಂದಿನ ವಾರ ನೋಡೋಣ ಡಾಕ್ಟ್ರೇ. ಈ ವಾರ ಆಫೀಸಲ್ಲಿ ಆಡಿಟ್ ಇದೆ."